ಗೋವಿನಜೋಳ, ಎಥನಾಲ್, ಮಾರ್ಕೆಟ್ ರೇಟು: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಕಡೆ ಗೋವಿನಜೋಳ ಅಂತೀವಿ, ಮೈಸೂರು ಕಡೆ ಮುಸುಕಿನಜೋಳ ಅಂತಾರೆ, ಪೇಪರ್‌ನಲ್ಲಿ ಮೆಕ್ಕೆಜೋಳ ಅಂತ ಬರತ್ತೆ, ಮೂರೂ ಒಂದೇ. ನಾನು ರಾಣೇಬೆನ್ನೂರು ಹತ್ರದ ಒಂದು ಹಳ್ಳಿಯವನು, ಮನೇಲಿ ನಾಲ್ಕು ಎಕರೆ ಇದೆ, ಅದ್ರಲ್ಲಿ ಮೂರು ಎಕರೆ ಪ್ರತಿ ಮುಂಗಾರಿಗೂ ಗೋವಿನಜೋಳನೇ. ಎರಡು ವರ್ಷದಿಂದ ಸಂತೇಲಿ, ಮದುವೇಲಿ, ಬಸ್‌ಸ್ಟ್ಯಾಂಡಲ್ಲಿ ಸಿಕ್ಕೋರೆಲ್ಲ ಕೇಳೋದು ಒಂದೇ ಮಾತು, "ಎಥನಾಲ್ ಫ್ಯಾಕ್ಟರಿ ಬಂದ್ರ ರೇಟ್ ಬರ್ತೈತಿ ಅಂದಿದ್ರಲ್ಲ, ಎಲ್ಲಿ ಬಂತಪಾ?" ಅಂತ. ಒಂದೊಂದೇ ಪ್ರಶ್ನೆಗೆ ನನಗೆ ತಿಳಿದಷ್ಟು ಇಲ್ಲಿ ಬರೆದಿದೀನಿ, ಕೆಲವು ಉತ್ತರ ಉದ್ದ ಆಗಿದೆ, ಲೆಕ್ಕ ಹಾಕ್ದೆ ಹೇಳೋಕಾಗಲ್ಲ ಅದಕ್ಕೆ.

ಕಾಳಿನಿಂದ ಎಥನಾಲ್ ಹೆಂಗೆ ಮಾಡ್ತಾರೆ?

ಎಥನಾಲ್ ಅಂದ್ರೆ ಆಲ್ಕೋಹಾಲ್, ಬೇರೇನಲ್ಲ. ಕಾಳನ್ನ ಹಿಟ್ಟು ಮಾಡಿ ನೀರಲ್ಲಿ ಕಲಸಿ ಬೇಯಿಸ್ತಾರೆ, ಕಿಣ್ವ ಹಾಕಿ ಅದರಲ್ಲಿರೋ ಪಿಷ್ಟವನ್ನ ಸಕ್ಕರೆ ಮಾಡ್ತಾರೆ, ಈಸ್ಟ್ ಹಾಕಿ ಹುಳಿ ಬರಿಸಿ ಎರಡು ಮೂರು ದಿನ ಬಿಟ್ಟು ಭಟ್ಟಿ ಇಳಿಸ್ತಾರೆ, ಕೊನೆಗೆ ಉಳಿದ ನೀರಿನಂಶ ತೆಗೆದ್ರೆ ಪೆಟ್ರೋಲಿಗೆ ಬೆರೆಸೋಕೆ ರೆಡಿ. ಇದ್ರಲ್ಲಿ ಖರ್ಚಾಗೋದು ಪಿಷ್ಟ ಮಾತ್ರ. ಪ್ರೋಟೀನು, ಎಣ್ಣೆ, ನಾರು ಎಲ್ಲ ಹಂಗೇ ಉಳಿಯತ್ತೆ, ಅದನ್ನ ಒಣಗಿಸಿ ದನಕ್ಕೆ, ಕೋಳಿಗೆ ಮೇವು ಅಂತ ಮಾರ್ತಾರೆ, ಅದಕ್ಕೆ ಡಿಡಿಜಿಎಸ್ ಅಂತ ಹೆಸರು. ಈ ಹೆಸರು ನೆನಪಿಟ್ಕೊಳ್ಳಿ, ಸೋಯಾ ವಿಚಾರ ಬಂದಾಗ ಮತ್ತೆ ಬೇಕಾಗತ್ತೆ.

ಒಂದು ಕ್ವಿಂಟಲ್ ಗೋವಿನಜೋಳದಿಂದ ಎಷ್ಟು ಎಥನಾಲ್ ಬರತ್ತೆ? ಫ್ಯಾಕ್ಟರಿಯವ್ರಿಗೆ ಎಷ್ಟು ಉಳಿಯತ್ತೆ?

ಒಂದು ಟನ್‌ಗೆ ಸುಮಾರು 380 ಲೀಟರ್, ಅಂದ್ರೆ ಕ್ವಿಂಟಲ್‌ಗೆ 38 ಲೀಟರ್ ಅಂದ್ಕೊಳ್ಳಿ. ಜೊತೆಗೆ 30 ಕೆಜಿ ಹತ್ತಿರ ಡಿಡಿಜಿಎಸ್. ಗೋವಿನಜೋಳದ ಎಥನಾಲ್‌ಗೆ ಆಯಿಲ್ ಕಂಪನಿಗಳು ಕೊಡೋ ರೇಟು ಲೀಟರ್‌ಗೆ 71.86 ರೂಪಾಯಿ, ಇದು 2024ರ ಜನವರಿಯಲ್ಲಿ ಫಿಕ್ಸ್ ಆಗಿದ್ದು. 38 ಲೀಟರ್‌ಗೆ ಲೆಕ್ಕ ಹಾಕಿದ್ರೆ 2,730 ರೂಪಾಯಿ ಆಯ್ತು. ಡಿಡಿಜಿಎಸ್ ಕೆಜಿಗೆ 15 ರೂಪಾಯಿ ಅಂತ ಇಟ್ಕೊಂಡ್ರೆ ಇನ್ನೊಂದು 450, ಒಟ್ಟು 3,180.

ಈಗ ಕಾಳನ್ನ 2,400ಕ್ಕೆ ತಗೊಂಡ್ರೆ ಅವ್ರ ಕೈಯಲ್ಲಿ ಉಳಿಯೋದು 780, ಅದ್ರಲ್ಲೇ ಕಲ್ಲಿದ್ದಲು, ಕರೆಂಟು, ಕಿಣ್ವ, ಸಂಬಳ, ಬ್ಯಾಂಕ್ ಬಡ್ಡಿ ಎಲ್ಲ ಆಗ್ಬೇಕು. 2,700ಕ್ಕೆ ತಗೊಂಡ್ರೆ 480 ಉಳಿಯತ್ತೆ, ಆಗ ಅವ್ರು ಖರೀದಿನೇ ನಿಲ್ಲಿಸ್ತಾರೆ, ಅದು ಸಹಜ. 1,700ಕ್ಕೆ ಸಿಕ್ರೆ 1,480 ಉಳಿಯತ್ತೆ.

ಇದ್ರಲ್ಲಿ ಒಂದು ವಿಷಯ ಗಮನಿಸ್ಬೇಕು, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಎಥನಾಲ್ ರೇಟ್ ಸರ್ಕಾರ ಫಿಕ್ಸ್ ಮಾಡಿರೋದ್ರಿಂದ ಗೋವಿನಜೋಳ ಎಷ್ಟು ಮೇಲೆ ಹೋಗಬಹುದು ಅನ್ನೋದಕ್ಕೆ ಒಂದು ಚಾವಣಿ ಬಿದ್ದಿದೆ. ಆದ್ರೆ ಎಷ್ಟು ಕೆಳಗೆ ಬೀಳಬಹುದು ಅನ್ನೋದಕ್ಕೆ ನೆಲನೇ ಇಲ್ಲ. ಫ್ಯಾಕ್ಟರಿಗೆ ಆಯಿಲ್ ಕಂಪನಿಗಳು ಹಂಚಿದ ಕೋಟಾದಷ್ಟು ಮಾಲಿಗೆ ಗ್ಯಾರಂಟಿ ರೇಟು ಇದೆ, ಗ್ಯಾರಂಟಿ ಗಿರಾಕಿ ಇದ್ದಾರೆ. ನಮ್ಮ ಮಾಲಿಗೆ ಎರಡೂ ಇಲ್ಲ.

ಮೊದಲೆಲ್ಲ ಕಬ್ಬಿನಿಂದ ಮಾಡ್ತಿದ್ರಲ್ವಾ? ಗೋವಿನಜೋಳ ಇದ್ರೊಳಗೆ ಯಾವಾಗ ಬಂತು?

ಪೆಟ್ರೋಲಿಗೆ 5% ಎಥನಾಲ್ ಬೆರೆಸೋ ಕಾರ್ಯಕ್ರಮ ಶುರುವಾಗಿದ್ದು 2003ರಲ್ಲಿ. ತುಂಬಾ ವರ್ಷ ಅದು ಸಕ್ಕರೆ ಮಾಡಿ ಉಳಿಯೋ ಕಾಕಂಬಿಯಿಂದನೇ ನಡೀತಿತ್ತು, ಗುರಿ ಮುಟ್ಟಿದ್ದೂ ಕಡಿಮೆ. 2018ರ ಜೈವಿಕ ಇಂಧನ ನೀತಿ ಬಂದ ಮೇಲೆ ಹಾಳಾದ ಕಾಳು, ನುಚ್ಚಕ್ಕಿ, ಹೆಚ್ಚುವರಿ ಧಾನ್ಯಕ್ಕೂ ಬಾಗಿಲು ತೆರೀತು. 2022ರ ಜೂನ್ ಹೊತ್ತಿಗೆ 10% ಮುಟ್ಟಿದ್ರು, ಅದೇ ವರ್ಷ ನೀತಿ ತಿದ್ದಿ 20%ರ ಗುರಿಯನ್ನ 2030ರಿಂದ 2025-26ಕ್ಕೆ ಎಳ್ಕೊಂಡ್ರು.

ಆದ್ರೆ ನಿಜವಾಗ್ಲೂ ಆಟ ಬದಲಾಗಿದ್ದು 2023ರ ಬರದಲ್ಲಿ. ನೆನಪಿದ್ಯಲ್ಲ ಆ ವರ್ಷ, ಕರ್ನಾಟಕದ 236 ತಾಲ್ಲೂಕಲ್ಲಿ 223 ಬರಪೀಡಿತ ಅಂತ ಘೋಷಣೆ ಆಗಿತ್ತು. ಇಲ್ಲೂ ಮಹಾರಾಷ್ಟ್ರದಲ್ಲೂ ಕಬ್ಬು ಕಮ್ಮಿ ಆಗತ್ತೆ, ಸಕ್ಕರೆ ರೇಟ್ ಏರತ್ತೆ ಅನ್ನೋ ಭಯಕ್ಕೆ ಕೇಂದ್ರ ಸರ್ಕಾರ ಡಿಸೆಂಬರ್ 7ಕ್ಕೆ ಕಬ್ಬಿನ ಹಾಲಿನಿಂದ ಎಥನಾಲ್ ಮಾಡೋದನ್ನ ತಡೀತು, ಒಂದು ವಾರದಲ್ಲಿ ಸ್ವಲ್ಪ ಸಡಿಲ ಮಾಡ್ತು ಆದ್ರೂ ಮಿತಿ ಇತ್ತು. ಅದಕ್ಕೂ ಮುಂಚೆ ಜುಲೈನಲ್ಲೇ ಎಫ್‌ಸಿಐ, ಅಂದ್ರೆ ಕೇಂದ್ರದ ಆಹಾರ ನಿಗಮ, ಎಥನಾಲ್‌ಗೆ ಅಕ್ಕಿ ಕೊಡೋದನ್ನೂ ನಿಲ್ಲಿಸಿತ್ತು. ಕಬ್ಬೂ ಇಲ್ಲ, ಅಕ್ಕಿನೂ ಇಲ್ಲ ಅಂದಾಗ ಉಳಿದಿದ್ದು ಗೋವಿನಜೋಳ ಒಂದೇ. ಅದಕ್ಕೇ ಲೀಟರ್‌ಗೆ 5.79 ರೂಪಾಯಿ ಪ್ರೋತ್ಸಾಹ ಸೇರಿಸಿ 71.86 ಮಾಡಿದ್ರು. 2022-23ರಲ್ಲಿ ಗೋವಿನಜೋಳದಿಂದ ಬಂದ ಎಥನಾಲ್ ಬರೀ 31 ಕೋಟಿ ಲೀಟರ್ ಚಿಲ್ಲರೆ, ಮರುವರ್ಷ 286 ಕೋಟಿ ಲೀಟರ್. ಒಂದೇ ವರ್ಷದಲ್ಲಿ ಒಂಬತ್ತು ಪಟ್ಟು.

ಅದಕ್ಕೇನಾ 2024ರಲ್ಲಿ ರೇಟ್ ಚೆನ್ನಾಗಿತ್ತು? ಮತ್ತೆ 2025ರಲ್ಲಿ ಯಾಕೆ ಬಿತ್ತು?

ಹೌದು, ಅದಕ್ಕೇ. 2024ರಲ್ಲಿ ಎಂಎಸ್‌ಪಿ, ಅಂದ್ರೆ ಸರ್ಕಾರದ ಬೆಂಬಲ ಬೆಲೆ, ಕ್ವಿಂಟಲ್‌ಗೆ 2,225 ಇದ್ದಾಗ ಮಾರ್ಕೆಟ್‌ನಲ್ಲಿ ಅದಕ್ಕಿಂತ ಮೇಲೇ ನಡೀತಿತ್ತು, ಒಳ್ಳೆ ಒಣಗಿದ ಮಾಲಿಗೆ 2,400ರ ಆಸುಪಾಸು ಸಿಗ್ತಿತ್ತು. ಬಾಂಗ್ಲಾದೇಶ, ವಿಯೆಟ್ನಾಂಗೆ ಗೋವಿನಜೋಳ ಕಳಿಸ್ತಿದ್ದ ದೇಶ ಮ್ಯಾನ್ಮಾರ್, ಉಕ್ರೇನ್‌ನಿಂದ ತರಿಸ್ಕೊಳ್ಳೋ ಹಂಗಾಯ್ತು. ನಮ್ಮ ಊರಲ್ಲಿ ಹತ್ತಿ ಬಿಟ್ಟೋರು, ಶೇಂಗಾ ಬಿಟ್ಟೋರು, ಮೆಣಸಿನಕಾಯಿ ಕೈಕೊಟ್ಟು ಬೇಸತ್ತೋರು ಎಲ್ಲಾ 2025ರ ಮುಂಗಾರಿಗೆ ಗೋವಿನಜೋಳ ಹಾಕಿದ್ರು. ಮಳೆನೂ ಚೆನ್ನಾಗಾಯ್ತು. ರಾಜ್ಯದಲ್ಲಿ ಸುಮಾರು 18 ಲಕ್ಷ ಹೆಕ್ಟೇರ್‌ನಲ್ಲಿ ಬೆಳೆ ಇತ್ತು, ಇಳುವರಿ 54 ಲಕ್ಷ ಟನ್ ದಾಟತ್ತೆ ಅಂತ ಸರ್ಕಾರದ ಅಂದಾಜು. ಜುಲೈನಲ್ಲಿ ಯೂರಿಯಾಗೆ ಅಂಗಡಿ ಮುಂದೆ ನಸುಕಿಗೇ ಕ್ಯೂ ನಿಂತಿದ್ದು ನೆನಪಿರ್ಬೇಕು, ಅದಕ್ಕೆ ಒಂದು ಕಾರಣ ಈ ಬೆಳೆನೇ, ಗೋವಿನಜೋಳ ಯೂರಿಯಾ ಜಾಸ್ತಿ ಬೇಡತ್ತೆ.

ಇಷ್ಟೇ ಆಗಿದ್ರೆ ರೇಟ್ ಸ್ವಲ್ಪ ಇಳೀತಿತ್ತು, ಕುಸೀತಿರ್ಲಿಲ್ಲ. ಅದೇ ಹೊತ್ತಿಗೆ ಆ ಕಡೆ ಎಥನಾಲ್‌ಗೆ ಬೇಡಿಕೆ ಏರೋದೂ ನಿಂತಿತ್ತು. ಕಬ್ಬಿನ ಮೇಲಿನ ನಿರ್ಬಂಧ 2024ರ ಆಗಸ್ಟ್‌ನಲ್ಲೇ ತೆಗೆದಿದ್ರು. ಎಫ್‌ಸಿಐ ಅಕ್ಕಿ ಮತ್ತೆ ಶುರುವಾಯ್ತು, 2025ರಲ್ಲಿ ಅದರ ಪ್ರಮಾಣ 52 ಲಕ್ಷ ಟನ್‌ಗೆ ಏರ್ತು. 20% ಮಿಶ್ರಣ 2025ರಲ್ಲಿ ಮುಟ್ಟಿ ಆಯ್ತು, ಅದ್ರ ಮೇಲಕ್ಕೆ ಹೋಗೋ ಆದೇಶ ಆಗ ಇರ್ಲಿಲ್ಲ. 2025-26ಕ್ಕೆ ಆಯಿಲ್ ಕಂಪನಿಗಳು ಕೇಳಿದ್ದು 1,050 ಕೋಟಿ ಲೀಟರ್, ದೇಶದ ಫ್ಯಾಕ್ಟರಿಗಳೆಲ್ಲ ಸೇರಿ ನಾವು ಕೊಡ್ತೀವಿ ಅಂತ ಮುಂದೆ ಬಂದಿದ್ದು 1,776 ಕೋಟಿ ಲೀಟರ್. ಅಂದ್ರೆ ಫ್ಯಾಕ್ಟರಿಗಳಿಗೇ ಪೂರ್ತಿ ಕೆಲಸ ಇಲ್ಲ. ಅವ್ರಿಗೆ ಸಿಕ್ಕಿರೋ ಕೋಟಾಗೆ ಬೇಕಾದಷ್ಟು ಕಾಳು ಬಂದ್ಮೇಲೆ ನೀವು 1,500ಕ್ಕೆ ಕೊಡ್ತೀನಿ ಅಂದ್ರೂ ಅವ್ರಿಗೆ ಬೇಡ, ಯಾಕಂದ್ರೆ ಮಾಡಿದ ಎಥನಾಲ್ ತಗೊಳ್ಳೋರು ಇಲ್ಲ. ಮಾರ್ಕೆಟ್‌ಗೆ ಅಕ್ಟೋಬರ್-ನವೆಂಬರ್‌ನಲ್ಲಿ ಎಲ್ಲರ ಮಾಲೂ ಒಟ್ಟಿಗೆ ಬಂತು, ರೇಟು 1,600ರಿಂದ 1,800ರ ಒಳಗೆ ಬಂದು ನಿಂತ್ಕೊಂಡ್ತು.

ಎಲ್ಲಾ ಸೇರಿ ನೋಡಿದ್ರೆ ಎಥನಾಲ್ ಗೋವಿನಜೋಳಕ್ಕೆ ಏನೂ ಮಾಡಿಲ್ಲ ಅಂತ ನಾನು ಹೇಳಲ್ಲ. 2025-26ರ ಹಂಚಿಕೆಯಲ್ಲೂ ಹತ್ತಿರ ಹತ್ತಿರ 46% ಗೋವಿನಜೋಳದ್ದೇ, ಸುಮಾರು 478 ಕೋಟಿ ಲೀಟರ್, ಅದಕ್ಕೆ ಕಾಳು ಬೇಕಾಗೋದು ಒಂದೂಕಾಲು ಕೋಟಿ ಟನ್. ಈ ಗಿರಾಕಿ ಇಲ್ದೇ ಹೋಗಿದ್ರೆ ರೇಟ್ ಇನ್ನೂ ಎಲ್ಲಿಗೆ ಹೋಗ್ತಿತ್ತೋ ಏನೋ.

ಅಕ್ಕಿ ಎಥನಾಲ್‌ಗೆ ಯಾಕೆ ಕೊಡ್ತಾರೆ? ಅದ್ರಿಂದ ನಮ್ಮ ರೇಟಿಗೆ ಏನಾಗತ್ತೆ?

ಎಫ್‌ಸಿಐ ಗೋದಾಮುಗಳಲ್ಲಿ ಅಕ್ಕಿ ಇಡೋಕೆ ಜಾಗ ಇಲ್ಲದಷ್ಟು ದಾಸ್ತಾನು ಇದೆ, ಹೊಸ ಭತ್ತ ಬೇರೆ ಬರ್ತಾನೇ ಇರತ್ತೆ, ಹಾಗಾಗಿ ಹಳೇದನ್ನ ಖಾಲಿ ಮಾಡ್ಬೇಕು. ಆ ಅಕ್ಕಿ ಸರ್ಕಾರಕ್ಕೆ ಬೀಳೋ ಖರ್ಚು ಕ್ವಿಂಟಲ್‌ಗೆ 4,000 ರೂಪಾಯಿ ಹತ್ತಿರ. ಎಥನಾಲ್ ಫ್ಯಾಕ್ಟರಿಗೆ ಅದನ್ನ 2,800ಕ್ಕೆ ಕೊಡ್ತಿದ್ದೋರು 2025ರ ಜನವರಿಯಲ್ಲಿ 2,250ಕ್ಕೆ ಇಳಿಸಿದ್ರು.

ಅಕ್ಕಿಯಲ್ಲಿ ಪಿಷ್ಟ ಜಾಸ್ತಿ, ಟನ್‌ಗೆ 450 ಲೀಟರ್ ಎಥನಾಲ್ ಬರತ್ತೆ. 52 ಲಕ್ಷ ಟನ್ ಅಕ್ಕಿ ಅಂದ್ರೆ 234 ಕೋಟಿ ಲೀಟರ್ ಆಯ್ತು. ಇಷ್ಟೇ ಎಥನಾಲನ್ನ ಗೋವಿನಜೋಳದಿಂದ ಮಾಡಿದ್ರೆ 61.6 ಲಕ್ಷ ಟನ್ ಕಾಳು ಬೇಕು. ಇಡೀ ಕರ್ನಾಟಕದ ಬೆಳೆ 54 ಲಕ್ಷ ಟನ್! ಅಂದ್ರೆ ಅಕ್ಕಿ ಒಂದೇ ನಮ್ಮ ರಾಜ್ಯದ ಅಷ್ಟೂ ಗೋವಿನಜೋಳಕ್ಕಿಂತ ಜಾಸ್ತಿ ಬೇಡಿಕೆಯನ್ನ ತಿಂದುಹಾಕಿದೆ. ಈ ಲೆಕ್ಕ ನಾನು ಮೊದಲ ಸಲ ಹಾಕಿದಾಗ ತಪ್ಪಾಯ್ತೇನೋ ಅಂತ ಮೂರು ಸಲ ಹಾಕಿದೆ.

ಅಕ್ಕಿ ವಿಚಾರದಲ್ಲಿ ಇನ್ನೊಂದು ಮಾತು. 2023ರ ಜೂನ್‌ನಲ್ಲಿ ಅನ್ನಭಾಗ್ಯಕ್ಕೆ ದುಡ್ಡು ಕೊಟ್ಟು ತಗೋತೀವಿ ಅಂದ್ರೂ ರಾಜ್ಯಕ್ಕೆ ಎಫ್‌ಸಿಐ ಅಕ್ಕಿ ಸಿಗ್ಲಿಲ್ಲ, 5 ಕೆಜಿ ಅಕ್ಕಿ ಬದಲು ತಲೆಗೆ 170 ರೂಪಾಯಿ ಅಕೌಂಟಿಗೆ ಹಾಕಿದ್ರು. 2025ರ ಫೆಬ್ರವರಿಯಿಂದ ಅದೇ ಅಕ್ಕಿ ಕೆಜಿಗೆ 22.50ರಂತೆ ರಾಜ್ಯಕ್ಕೆ ಸಿಕ್ತು. ಎಥನಾಲ್ ಫ್ಯಾಕ್ಟರಿಗೆ ಆಗ ಕೊಡ್ತಿದ್ದ ರೇಟೂ ಅದೇ. ಅಕ್ಕಿ ಇಲ್ಲ ಅನ್ನೋದರಿಂದ ಜಾಸ್ತಿ ಆಯ್ತು ಅನ್ನೋವರೆಗೆ ಎರಡೇ ವರ್ಷ. ಒಂದು ಬರ, ಒಂದು ಒಳ್ಳೆ ಮಳೆ, ಇಷ್ಟಕ್ಕೇ ಇಡೀ ಲೆಕ್ಕ ತಿರುಗುಮುರುಗು ಆಗತ್ತೆ ಅಂದ್ಮೇಲೆ ಕಾಳನ್ನ ಇಂಧನಕ್ಕೆ ಬಳಸೋ ಪ್ಲಾನು ವರ್ಷಾವರ್ಷ ನೋಡ್ಕೊಂಡು ಮಾಡ್ಬೇಕಾದದ್ದು, ಫ್ಯಾಕ್ಟರಿ ಮಾತ್ರ ಕಟ್ಟೋದು ಬಹಳ ವರ್ಷಕ್ಕೆ.

ಎಂಎಸ್‌ಪಿ 2,400 ಇರುವಾಗ 1,700ಕ್ಕೆ ಹೆಂಗೆ ತಗೋತಾರೆ? ಕೇಸ್ ಹಾಕೋಕಾಗಲ್ವಾ?

ಆಗಲ್ಲ. ಎಂಎಸ್‌ಪಿ ಅನ್ನೋದು ಸರ್ಕಾರ ಖರೀದಿ ಮಾಡಿದ್ರೆ ಕೊಡೋ ರೇಟು, ವ್ಯಾಪಾರಿ ಅದಕ್ಕಿಂತ ಕಮ್ಮಿಗೆ ತಗೋಬಾರದು ಅನ್ನೋ ಕಾನೂನು ಇಲ್ಲ. ಗೋವಿನಜೋಳ ರೇಷನ್ ಅಂಗಡೀಲಿ ಹಂಚೋ ಧಾನ್ಯ ಅಲ್ಲ, ಹಾಗಾಗಿ ಭತ್ತ, ಗೋಧಿ ತರ ಖರೀದಿ ಕೇಂದ್ರ ತೆರೆದು ರಾಶಿರಾಶಿ ತಗೊಳ್ಳೋದು ನಡೆಯಲ್ಲ. 2025-26ಕ್ಕೆ 2,400 ಅಂತ ಮಾಡುವಾಗ ಕೇಂದ್ರ ಹಿಡಿದಿದ್ದ ಖರ್ಚು ಕ್ವಿಂಟಲ್‌ಗೆ 1,508. ಇದ್ರಲ್ಲಿ ಬೀಜ ಗೊಬ್ಬರ ಕೂಲಿ ಜೊತೆ ಮನೆಯವ್ರ ದುಡಿಮೆ ಸೇರಿದೆ, ಸ್ವಂತ ಜಮೀನಿನ ಬಾಡಿಗೆ, ಹಾಕಿದ ಬಂಡವಾಳದ ಬಡ್ಡಿ ಸೇರಿಲ್ಲ. ಅವನ್ನೂ ಸೇರಿಸಿ ಅದ್ರ ಮೇಲೆ ಅರ್ಧ ಕೊಡಿ ಅನ್ನೋದು ರೈತ ಸಂಘಟನೆಗಳ ಹಳೇ ಬೇಡಿಕೆ. 1,650ಕ್ಕೆ ಮಾರಿದೋರಿಗೆ ಸರ್ಕಾರದ ಲೆಕ್ಕದಲ್ಲೇ ಉಳಿದಿದ್ದು ಕ್ವಿಂಟಲ್‌ಗೆ ನೂರು ನೂರೈವತ್ತು ರೂಪಾಯಿ, ನಾಲ್ಕು ತಿಂಗಳ ಬೆಳೆಗೆ.

2025ರ ನವೆಂಬರ್‌ನಲ್ಲಿ ಹಾವೇರಿ, ಗದಗ, ದಾವಣಗೆರೆ ಕಡೆ ಹೋರಾಟ ಜೋರಾಯ್ತು, ಲಕ್ಷ್ಮೇಶ್ವರದಲ್ಲಿ ದಿನಗಟ್ಟಲೆ ಧರಣಿ ನಡೀತು. ಅದೇ ತಿಂಗಳು ಬೆಳಗಾವಿ ಜಿಲ್ಲೆ ಗುರ್ಲಾಪುರದಲ್ಲಿ ಕಬ್ಬಿನ ರೈತರು ಕೂತಿದ್ರು, ಅವ್ರಿಗೆ ಟನ್‌ಗೆ 3,300 ಅಂತ ಒಂದು ತೀರ್ಮಾನ ಬಂತು. ಕಬ್ಬಿಗೆ ಎಫ್‌ಆರ್‌ಪಿ ಅಂತ ಕೇಂದ್ರ ನಿಗದಿ ಮಾಡೋ ಕನಿಷ್ಠ ರೇಟಿಗೆ ಕಾನೂನು ಇದೆ, ಫ್ಯಾಕ್ಟರಿ ಕೊಡ್ಲೇಬೇಕು. ಗೋವಿನಜೋಳಕ್ಕೆ ಅಂಥದ್ದು ಇಲ್ಲ, ಅದೇ ಎಥನಾಲ್ ಎರಡರಿಂದಲೂ ಬಂದ್ರೂ. ಮುಖ್ಯಮಂತ್ರಿ ಸಿದ್ದರಾಮಯ್ಯ ಪ್ರಧಾನಿಗೆ ಪತ್ರ ಬರೆದ್ರು, ಕೇಂದ್ರ ಸಚಿವ ಪ್ರಲ್ಹಾದ ಜೋಶಿ ರಾಜ್ಯದ್ದೇ ತಪ್ಪು ಅಂದ್ರು. ಕೊನೆಗೆ ಡಿಸ್ಟಿಲರಿಗಳು ಮತ್ತೆ ಕೆಎಂಎಫ್ ಮೂಲಕ 2,400ಕ್ಕೆ ಖರೀದಿ ಅಂತ ರಾಜ್ಯ ಸರ್ಕಾರ ಹೇಳ್ತು, ಮೊದಲು ಒಬ್ಬ ರೈತನಿಗೆ 20 ಕ್ವಿಂಟಲ್ ಮಿತಿ ಇಟ್ಟು ಆಮೇಲೆ 50ಕ್ಕೆ ಏರಿಸ್ತು. ಮಳೆಯಾಶ್ರಿತದಲ್ಲಿ ಎಕರೆಗೆ 20-25 ಕ್ವಿಂಟಲ್ ಬರತ್ತೆ ಅಂದ್ರೆ 50 ಕ್ವಿಂಟಲ್ ಎರಡು ಎಕರೆ ಮಾಲು. ಆದ್ರೆ ಈ ತೀರ್ಮಾನ ಬರೋ ಹೊತ್ತಿಗೆ ಸಾಲಗಾರ್ರು ಬಹಳ ಜನ ಮಾರಿ ಮುಗಿಸಿದ್ರು, ನಾವೂ ಅದ್ರಲ್ಲಿದ್ವಿ.

ತೇವಾಂಶ ಅಂತ ಕಡಿತ ಮಾಡ್ತಾರಲ್ಲ, ಅದು ಎಷ್ಟರ ಮಟ್ಟಿಗೆ ಸರಿ?

ತೇವಾಂಶ ನೋಡೋದು ಸರಿನೇ, 14% ಒಳಗಿದ್ರೆ ಮಾತ್ರ ಕಾಳು ಇಡೋಕೆ ಬರತ್ತೆ, ಇಲ್ಲಾಂದ್ರೆ ಬೂಸ್ಟು ಹಿಡಿಯತ್ತೆ. ತೊಂದ್ರೆ ಇರೋದು ಅಳತೆ ಮಾಡೋ ರೀತೀಲಿ.

2025ರ ನವೆಂಬರ್‌ನಲ್ಲಿ ನಮ್ಮದು ರಾಶಿ ಆಗಿ ಎರಡು ದಿನಕ್ಕೆ ಮೋಡ ಕವಿದಿತ್ತು. ಊರ ಮುಂದಿನ ರಸ್ತೆ ಒಂದು ಬದಿಗೆ ಕಲ್ಲು ಇಟ್ಟು ಅರ್ಧ ರಸ್ತೆ ತುಂಬ ಹರವಿದ್ವಿ, ಅವ್ವ ಬೆಳಿಗ್ಗೆಯಿಂದ ಸಂಜೆವರೆಗೂ ಬರಿಗಾಲಲ್ಲಿ ಕಾಳು ತುಳೀತಾ ಸಾಲು ಎಳೀತಿದ್ಲು, ಹನಿ ಬಿದ್ರೆ ತಾಡಪಾಲು ಎಳೆಯೋದು, ಬಿಸಿಲು ಬಂದ್ರೆ ತೆಗೆಯೋದು. ಆರನೇ ದಿನ ತುಂಬ್ಕೊಂಡು ಹೋದ್ವಿ. ಅಂಗಡಿಯವ್ರು ಚೀಲದ ತಳಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದು ಮಷೀನಿಗೆ ಹಾಕಿದ್ರು. "19 ತೋರ್ಸಾಕತ್ತೈತ್ರಿ, ಹಸಿ ಐತಿ" ಅಂದ್ರು. ಅಪ್ಪ ಇನ್ನೊಂದು ಚೀಲದ್ದು ನೋಡ್ರಿ ಅಂದ್ರು, ಅದು 16. ಎರಡರ ನಡುವೆ ಹಿಡಿದು ರೇಟ್ ಮಾಡ್ತಾರೆ ಅಂದ್ಕೊಂಡ್ವಿ, 19ಕ್ಕೇ ಮಾಡಿದ್ರು. ವಾಪಸ್ ತರೋಕೆ ಟ್ರ್ಯಾಕ್ಟರ್ ಬಾಡಿಗೆ, ಹಮಾಲಿ ಎರಡೂ ಮತ್ತೆ ಕೊಡ್ಬೇಕು, ಹಾಗಾಗಿ ಕೊಟ್ಟು ಬಂದ್ವಿ. ಅಪ್ಪ ದಾರಿಯುದ್ದಕ್ಕೂ ಮಾತಾಡ್ಲಿಲ್ಲ.

ಅವತ್ತಿಂದ ನಾನು ಈ ಲೆಕ್ಕ ಜೇಬಲ್ಲಿ ಬರ್ಕೊಂಡಿದೀನಿ, ನೀವೂ ಬರ್ಕೊಳ್ಳಿ. 22% ತೇವಾಂಶದ 100 ಕೆಜಿ ಕಾಳನ್ನ 14%ಗೆ ಒಣಗಿಸಿದ್ರೆ 90.7 ಕೆಜಿ ಉಳಿಯತ್ತೆ. 18%ದ್ದಾದ್ರೆ 95.3 ಕೆಜಿ. ಅಂದ್ರೆ 22%ರ ಹಸಿ ಮಾಲಿಗೆ 1,600 ಸಿಕ್ತಿದೆ ಅಂದ್ರೆ, ಒಣಗಿದ ಮೇಲೆ ಕನಿಷ್ಠ 1,764 ಸಿಕ್ರೆ ಮಾತ್ರ ಸರಿಸಮ, ಅದ್ರ ಮೇಲೆ ಒಣಗಿಸೋ ಕೂಲಿ ಹುಟ್ಟಬೇಕು. ಒಣಗಿದ್ದಕ್ಕೆ 1,850 ಇದ್ರೆ ಒಣಗಿಸಿ, 1,750 ಇದ್ರೆ ಹಸಿದೇ ಮಾರೋದು ಲಾಭ. ಮಾರ್ಕೆಟ್‌ಗೆ ಹೋಗೋ ಮುಂಚೆ ಸೊಸೈಟಿಯಲ್ಲೋ ಪರಿಚಯದವರ ಹತ್ರನೋ ತೇವಾಂಶ ನೋಡಿಸ್ಕೊಂಡು ಹೋಗಿ, ನಾಲ್ಕೈದು ಚೀಲದ ಕಾಳು ಬೆರೆಸಿ ಅಳೀರಿ ಅಂತ ಕೇಳಿ.

ರೇಟ್ ಬರೋವರೆಗೆ ಸ್ಟಾಕ್ ಇಟ್ರೆ ಹೆಂಗೆ?

ಬಿಳಿಜೋಳನ ಹಗೇವಿನಲ್ಲಿ, ಅಂದ್ರೆ ನೆಲದೊಳಗಿನ ಕಣಜದಲ್ಲಿ, ವರ್ಷಗಟ್ಟಲೆ ಇಟ್ಟ ಹಾಗೆ ಇದನ್ನ ಇಡೋಕಾಗಲ್ಲ, ಮೂರ್ನಾಲ್ಕು ತಿಂಗಳಲ್ಲಿ ನುಸಿ ಬೀಳತ್ತೆ. ಹಸಿ ಇದ್ರೆ ಬೂಸ್ಟಿನಿಂದ ಅಫ್ಲಾಟಾಕ್ಸಿನ್ ಅನ್ನೋ ವಿಷ ಹುಟ್ಟತ್ತೆ, ಅದು ಬಂದ ಕಾಳನ್ನ ಕೋಳಿಯವ್ರು ಮುಟ್ಟಲ್ಲ. ಎಥನಾಲ್‌ಗಾದ್ರೂ ಹಾಕೋಣ ಅಂದ್ರೆ ಆ ವಿಷ ಎಥನಾಲ್ ಒಳಗೆ ಹೋಗಲ್ಲ ನಿಜ, ಆದ್ರೆ ಉಳಿದ ಡಿಡಿಜಿಎಸ್‌ನಲ್ಲಿ ಮೂರು ಪಟ್ಟು ಗಟ್ಟಿಯಾಗಿ ಕೂತ್ಕೊಳ್ಳತ್ತೆ, ಅಲ್ಲಿಂದ ದನಕ್ಕೆ, ಹಾಲಿಗೆ. ಹಾಗಾಗಿ ಮನೇಲಿ ಇಡೋದಾದ್ರೆ ಪೂರ್ತಿ ಒಣಗಿದ್ದು ಮಾತ್ರ. ಗೋದಾಮಲ್ಲಿ ಇಟ್ಟು ರಸೀದಿ ಮೇಲೆ ಅಡಮಾನ ಸಾಲ ತಗೊಳ್ಳೋ ದಾರಿ ಇದೆ, ನವೆಂಬರ್‌ನಲ್ಲಿ ಕೈಗೆ ಸ್ವಲ್ಪ ದುಡ್ಡು ಬರತ್ತೆ, ಮಾರೋದು ಫೆಬ್ರವರಿ ಮಾರ್ಚ್‌ಗೆ. ಆದ್ರೆ ಅಷ್ಟೊತ್ತಿಗೆ ರೇಟ್ ಏರೇ ಏರತ್ತೆ ಅಂತಿಲ್ಲ, ಏಪ್ರಿಲ್ ಹೊತ್ತಿಗೆ ಬಿಹಾರದ ಹಿಂಗಾರಿ ಬೆಳೆ ಬಂದುಬಿಡತ್ತೆ. ಬಡ್ಡಿ, ಬಾಡಿಗೆ, ತೂಕ ಕಮ್ಮಿ ಆಗೋದು ಎಲ್ಲ ಸೇರಿ ಕ್ವಿಂಟಲ್‌ಗೆ ಎಷ್ಟು ಬೀಳತ್ತೆ ಅಂತ ಮೊದ್ಲೇ ಕೂತು ಬರ್ಕೊಳ್ಳಿ.

ನಮ್ಮೂರ ಪಕ್ಕದಲ್ಲೇ ಫ್ಯಾಕ್ಟರಿ ಇದ್ರೆ ನೇರ ಕೊಡಬಹುದಲ್ವಾ?

ಕೊಡಬಹುದು, ಕಷ್ಟ. ಅವ್ರು ದಿನಕ್ಕೆ ನೂರಾರು ಟನ್ ಅರೀತಾರೆ, ಸಪ್ಲೈ ಮಾಡೋ ದೊಡ್ಡ ವ್ಯಾಪಾರಿಗಳಿಂದ ಲಾರಿ ಲೆಕ್ಕದಲ್ಲಿ ತಗೋತಾರೆ, ಒಂದು ಟ್ರ್ಯಾಕ್ಟರ್ ಮಾಲಿಗೆ ಗೇಟ್ ತೆಗೆಯೋದು ಅಪರೂಪ. ರೈತ ಉತ್ಪಾದಕ ಕಂಪನಿ ಇದ್ರೆ, ಒಂದೇ ತೇವಾಂಶದ ಹತ್ತಿಪ್ಪತ್ತು ಟನ್ ಕೂಡಿಸೋಕಾದ್ರೆ ಮಾತಾಡೋಕೆ ಬಲ ಬರತ್ತೆ.

ಮೊಟ್ಟೆ, ಕೋಳಿ ರೇಟ್ ಏರೋಕೂ ಎಥನಾಲೇ ಕಾರಣನಾ?

2024ರಲ್ಲಿ ಪೂರ್ತಿ ಅಲ್ದಿದ್ರೂ ಸ್ವಲ್ಪ ಹೌದು. ಕೋಳಿ ಆಹಾರದಲ್ಲಿ ಅರ್ಧಕ್ಕಿಂತ ಜಾಸ್ತಿ ಗೋವಿನಜೋಳನೇ ಇರತ್ತೆ, ದೇಶದಲ್ಲಿ ಬೆಳೆದ ಇದರಲ್ಲಿ ದೊಡ್ಡ ಪಾಲು ಹೋಗೋದೂ ಕೋಳಿ, ದನದ ಮೇವಿಗೆ. ಎಥನಾಲ್ ಬಂದ್ಮೇಲೆ ಕೋಳಿ ಫಾರ್ಮಿನವ್ರು, ಸ್ಟಾರ್ಚ್ ಫ್ಯಾಕ್ಟರಿಯವ್ರು ಪೈಪೋಟಿ ಮಾಡ್ಬೇಕಾಯ್ತು, ಅವ್ರೇ ಆಮದು ಮಾಡ್ಕೊಳ್ಳೋಕೆ ಬಿಡಿ ಅಂತ ಸರ್ಕಾರದ ಹಿಂದೆ ಬಿದ್ರು. ಸಣ್ಣ ಕೋಳಿ ಫಾರ್ಮಿನವ್ರು ಕೂಡ ನಮ್ಮ ಥರದ ರೈತರೇ, ಅವ್ರಿಗೆ ಗೋವಿನಜೋಳ 2,600 ಆದ್ರೆ ಉಸಿರು ಕಟ್ಟತ್ತೆ, ನಮಗೆ 1,600 ಆದ್ರೆ ಉಸಿರು ಕಟ್ಟತ್ತೆ.

ಸೋಯಾಬೀನ್ ರೇಟ್ ಬಿದ್ದಿದ್ದಕ್ಕೂ ಇದಕ್ಕೂ ಸಂಬಂಧ ಇದ್ಯಾ?

ಇದೆ, ಇದನ್ನ ಬೀದರ್, ಬೆಳಗಾವಿ, ಧಾರವಾಡದವ್ರು ಓದ್ಲೇಬೇಕು. ಸೋಯಾದಲ್ಲಿ ಎಣ್ಣೆ ಐದನೇ ಒಂದು ಭಾಗಕ್ಕಿಂತ ಕಮ್ಮಿ, ಉಳಿದದ್ದು ಹಿಂಡಿ, ಹಿಂಡಿ ರೇಟ್ ಇದ್ರೇನೇ ಕಾಳಿಗೆ ರೇಟು. ಎಥನಾಲ್ ಫ್ಯಾಕ್ಟರಿಗಳು ಹೆಚ್ಚಾದ ಹಾಗೆ ಡಿಡಿಜಿಎಸ್ ರಾಶಿ ಬಂತು. ಗೋವಿನಜೋಳದ್ದರಲ್ಲಿ ಪ್ರೋಟೀನ್ ಕಾಲು ಭಾಗದಷ್ಟು ಇದ್ರೆ ಅಕ್ಕಿದ್ರಲ್ಲಿ ಇನ್ನೂ ಜಾಸ್ತಿ, 45% ಹತ್ತಿರ, ಅದು ಸೋಯಾ ಹಿಂಡಿಗೆ ಸಮಕ್ಕೆ ಬರತ್ತೆ, ಅದೂ ಅಗ್ಗಕ್ಕೆ. ಮೇವು ಮಾಡೋರು ಆ ಕಡೆ ವಾಲಿದ್ರು. 2024-25ರಲ್ಲಿ ಸೋಯಾ ಎಂಎಸ್‌ಪಿ 4,892 ಇದ್ದಾಗ ಮಾರ್ಕೆಟ್ 4,000ದ ಆಚೀಚೆ ಓಡಾಡಿದ್ದಕ್ಕೆ ಇದೂ ಒಂದು ಕಾರಣ. ಆಗ ಸೋಯಾ ಬಿಟ್ಟು ಗೋವಿನಜೋಳಕ್ಕೆ ಬಂದೋರು ಮರುವರ್ಷ ಇಲ್ಲೂ ಪೆಟ್ಟು ತಿಂದ್ರು. ಒಂದು ಬೆಳೆಗೆ ಅಂತ ಮಾಡಿದ ಪಾಲಿಸಿ ಇನ್ನೊಂದು ಬೆಳೆಯ ಮನೆಗೆ ಹೋಗಿ ತಟ್ಟತ್ತೆ ಅನ್ನೋದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಬೇರೆ ದೇಶದಲ್ಲಿ ಹೆಂಗೆ ನಡೆದಿದೆ?

ಅಮೆರಿಕದ್ದು ನೋಡಿದ್ರೆ ನಮ್ಮ ಕಥೆನೇ ಇಪ್ಪತ್ತು ವರ್ಷ ಮುಂಚೆ ನಡೆದ ಹಾಗಿದೆ. 2005ರಲ್ಲಿ ಕಾನೂನು ಮಾಡಿ 2007ರಲ್ಲಿ ಅದನ್ನ ಹಿಗ್ಗಿಸಿ ಪೆಟ್ರೋಲಿಗೆ ಇಷ್ಟು ಎಥನಾಲ್ ಬೆರೆಸ್ಲೇಬೇಕು ಅಂದ್ರು. ಅಲ್ಲಿ ಬುಶೆಲ್ ಲೆಕ್ಕ, ಒಂದು ಬುಶೆಲ್ ಅಂದ್ರೆ 25.4 ಕೆಜಿ. 2005ರಲ್ಲಿ 2 ಡಾಲರ್ ಇದ್ದಿದ್ದು 2008ರಲ್ಲಿ 7 ಡಾಲರ್ ದಾಟ್ತು, 2012ರ ಬರದಲ್ಲಿ 8 ಡಾಲರ್ ಮೇಲೆ. ರೈತರು ಭೂಮಿ ಕೊಂಡ್ರು, ಮಷೀನು ಕೊಂಡ್ರು. ಆಮೇಲೆ ಪೆಟ್ರೋಲಿನಲ್ಲಿ 10% ತುಂಬಿ ಅದ್ರ ಮೇಲೆ ಬೇಡಿಕೆ ಏರೋದು ನಿಂತ್ಕೊಂಡ್ತು, 2014ರ ಹೊತ್ತಿಗೆ ರೇಟು 4 ಡಾಲರ್‌ಗಿಂತ ಕೆಳಗೆ ಬಂತು. ಬೇಡಿಕೆ ಏರ್ತಾ ಇರೋ ನಾಲ್ಕೈದು ವರ್ಷ ರೇಟ್ ಸಿಗತ್ತೆ, ಗೋಡೆ ಮುಟ್ಟಿದ ದಿನ ನಿಲ್ಲತ್ತೆ. ನಾವು 20%ರ ಗೋಡೆ ಮುಟ್ಟಿರೋದು 2025ರಲ್ಲಿ, ರೇಟ್ ಬಿದ್ದಿದ್ದೂ ಅದೇ ವರ್ಷ.

ಬ್ರೆಜಿಲ್‌ದು ಬೇರೆ ಥರ, ಅಲ್ಲಿ ಬಹಳಷ್ಟು ಕಾರು ಪೂರ್ತಿ ಎಥನಾಲ್‌ನಲ್ಲೂ ಓಡ್ತವೆ, ಬಂಕ್‌ನಲ್ಲಿ ಯಾವ್ದು ಅಗ್ಗನೋ ಅದು ಹಾಕಿಸ್ಕೋತಾರೆ, ಪೆಟ್ರೋಲಿಗೆ ಬೆರೆಸೋದೂ 2025ರ ಆಗಸ್ಟ್‌ನಿಂದ 30%.

ಜನ ತಿನ್ನೋ ಕಾಳನ್ನ ಗಾಡಿಗೆ ಸುರಿಯೋದು ತಪ್ಪಲ್ವಾ?

ಇದನ್ನ ನನ್ನ ಅಜ್ಜಿ ಕೇಳಿದ್ದು, ಆಕೆಗೆ ಬೈದಂಗೆ ಉತ್ತರ ಕೊಡೋಕೆ ನನ್ನಿಂದ ಆಗ್ಲಿಲ್ಲ. ಮೆಕ್ಸಿಕೋದಲ್ಲಿ ಗೋವಿನಜೋಳದ ರೊಟ್ಟಿನೇ ಊಟ, 2007ರ ಜನವರಿಯಲ್ಲಿ ಅದು ದುಬಾರಿಯಾಗಿ ಜನ ಬೀದಿಗಿಳಿದ್ರು, ಅದಕ್ಕೆ ಅಮೆರಿಕದ ಎಥನಾಲ್ ಕೂಡ ಒಂದು ಕಾರಣ ಅಂತ ಆಗ ದೊಡ್ಡ ಚರ್ಚೆ ಆಗಿತ್ತು. ನಮ್ಮಲ್ಲಿ ಗೋವಿನಜೋಳ ಊಟದ ತಟ್ಟೆಗೆ ಬರೋದು ಕಡಿಮೆ, ಹಾಗಾಗಿ ನೇರವಾಗಿ ಯಾರ ರೊಟ್ಟಿನೂ ಕಸಿದಿಲ್ಲ. ಆದ್ರೆ ಹೊಲ ಒಂದೇ ಅಲ್ವಾ. ನಮ್ಮ ಮನೆ ಹೊಲದಲ್ಲಿ ಅಜ್ಜಿ ಕಾಲಕ್ಕೆ ಬಿಳಿಜೋಳ, ಅದರ ಸಾಲಲ್ಲಿ ತೊಗರಿ, ಬದುವಿಗೆ ಹೆಸರುಕಾಳು ಇತ್ತು, ಈಗ ರೊಟ್ಟಿ ಜೋಳ ಸಂತೆಯಿಂದ ತರ್ತೀವಿ. ದನದ ಮೇವಿಗೂ ಜೋಳದ ಕಣಿಕೆ ಬೇರೆ, ಗೋವಿನಜೋಳದ ದಂಟು ಬೇರೆ, ದನ ಅದನ್ನ ಅರ್ಧ ಬಿಡತ್ತೆ. ಅಕ್ಕಿ ವಿಚಾರದಲ್ಲಿ ಮಾತ್ರ ನನಗೆ ಸಮಾಧಾನ ಇಲ್ಲ, ಅದು ಜನ ತಿನ್ನೋ ಧಾನ್ಯನೇ, ನಷ್ಟದಲ್ಲಿ ಕೊಡೋ ದುಡ್ಡೂ ಜನರದ್ದೇ.

ಇ20 ಹಾಕಿದ್ರೆ ಬೈಕ್ ಮೈಲೇಜ್ ಕಮ್ಮಿ ಆಗತ್ತಾ?

ಆಗತ್ತೆ. ಇ20 ಅಂದ್ರೆ 20% ಎಥನಾಲ್ ಬೆರೆಸಿದ ಪೆಟ್ರೋಲು, ಎಥನಾಲ್‌ನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಶಕ್ತಿ ಕಮ್ಮಿ. ನೀತಿ ಆಯೋಗದ 2021ರ ವರದಿಯಲ್ಲೇ ಹಳೇ ಟೂ ವೀಲರ್‌ಗೆ 3-4%, ಹಳೇ ಕಾರಿಗೆ 6-7% ಅಂತ ಇದೆ, ಇ10ಗೆ ಮಾಡಿ ಇ20ಗೆ ಹೊಂದಿಸಿದ ಕಾರಿಗೆ 1-2%.

ಅಮೆರಿಕದ ಗೋವಿನಜೋಳ ಬಂದುಬಿಡತ್ತೆ ಅಂತಾರಲ್ಲ?

ಒತ್ತಡ ಇದೆ. ಭಾರತ ನಮ್ಮ ಹತ್ರ ಗೋವಿನಜೋಳ ಯಾಕೆ ಕೊಳ್ಳಲ್ಲ ಅಂತ ಅಲ್ಲಿನ ವಾಣಿಜ್ಯ ಕಾರ್ಯದರ್ಶಿ ಹೊವಾರ್ಡ್ ಲಟ್ನಿಕ್ 2025ರ ಸೆಪ್ಟೆಂಬರ್‌ನಲ್ಲಿ ಬಹಿರಂಗವಾಗೇ ಕೇಳಿದ್ರು. ಅವ್ರದ್ದು ಬಹುತೇಕ ಕುಲಾಂತರಿ ತಳಿ, ನಮ್ಮಲ್ಲಿ ಅದಕ್ಕೆ ಅನುಮತಿ ಇಲ್ಲ. 'ಎಥನಾಲ್‌ಗೆ ಮಾತ್ರ' ಅಂತ ಬಾಗಿಲು ತೆರೆದ್ರೂ ನಮಗೆ ಪೆಟ್ಟು ಬೀಳೋದು ಅಷ್ಟೇ, ಯಾಕಂದ್ರೆ ಕೋಟಾ ಒಂದೇ, ಅದ್ರಲ್ಲಿ ಅವ್ರ ಕಾಳು ಕೂತಷ್ಟು ನಮ್ಮದು ಹೊರಗೆ. ಇದನ್ನ ಯಾವ ಪಕ್ಷದವ್ರು ಬಂದ್ರೂ ಕೇಳ್ಬೇಕು.

ಹಾಗಾದ್ರೆ ಮುಂದಿನ ಮುಂಗಾರಿಗೆ ಗೋವಿನಜೋಳ ಹಾಕ್ಲೋ ಬೇಡ್ವೋ?

ನಿಮ್ಮ ಹೊಲ ನೋಡದೆ ಹೇಳೋದು ತಪ್ಪಾಗತ್ತೆ, ನಾನು ಏನು ನೋಡ್ತೀನಿ ಅಂತ ಹೇಳ್ತೀನಿ. ಹೋದ ವರ್ಷದ ರೇಟ್ ನೋಡಿ ಬಿತ್ತೋದನ್ನ ನಾನು ಬಿಟ್ಟಿದೀನಿ. ಏಪ್ರಿಲ್-ಮೇನಲ್ಲಿ ಮೂರು ಸುದ್ದಿ ಹುಡುಕ್ತೀನಿ: ಎಫ್‌ಸಿಐ ಅಕ್ಕಿ ಎಥನಾಲ್‌ಗೆ ಎಷ್ಟು ಲಕ್ಷ ಟನ್, ಎಷ್ಟು ರೇಟಿಗೆ ಅಂತ, 71.86 ಏನಾದ್ರೂ ಬದಲಾಯ್ತಾ ಅಂತ, 20%ರ ಮಿತಿ ಏರಿಸ್ತಾರಾ ಅಂತ. ಆ 71.86 ಬಂದಾಗ ಎಂಎಸ್‌ಪಿ 2,090 ಇತ್ತು, 2025-26ಕ್ಕೆ 2,400 ಆಯ್ತು, ಎಥನಾಲ್ ರೇಟ್ ಮಾತ್ರ ಅಲ್ಲೇ ಇತ್ತು, ಹಾಗಾಗಿ ಚಾವಣಿ ಕೆಳಗೆ ಕೆಳಗೆ ಬರ್ತಾ ಇದೆ ಅಂತ ಅರ್ಥ. ಮಳೆ ಮುನ್ಸೂಚನೆ ಕೆಟ್ಟದಾಗಿದ್ರೆ ಕಬ್ಬು, ಅಕ್ಕಿ ಎರಡಕ್ಕೂ ಕಡಿವಾಣ ಬಿದ್ದು 2023ರ ಹಾಗೆ ಗೋವಿನಜೋಳಕ್ಕೆ ಬೇಡಿಕೆ ಬರಬಹುದು, ಆದ್ರೆ ಅವತ್ತು ನಮ್ಮ ಹೊಲದಲ್ಲೂ ಬೆಳೆ ಇರಬೇಕಲ್ಲ.

ಹಾಕೋರು ಎರಡು ಕೆಲಸ ತಪ್ಪಿಸ್ಬೇಡಿ. ಫ್ರೂಟ್ಸ್ ಐಡಿ (ಸರ್ಕಾರದಲ್ಲಿ ರೈತರ ನೋಂದಣಿ ನಂಬರ್) ಮಾಡಿಸಿ, ಬೆಳೆ ಸಮೀಕ್ಷೆಯಲ್ಲಿ ನಿಮ್ಮ ಸರ್ವೆ ನಂಬರ್‌ಗೆ ಗೋವಿನಜೋಳ ಅಂತಲೇ ದಾಖಲಾಗಿದ್ಯಾ ನೋಡಿ, ಖರೀದಿ ಕೇಂದ್ರ ತೆರೆದ ದಿನ ಹೆಸರು ಇಲ್ಲ ಅಂತ ವಾಪಸ್ ಕಳ್ಸಿರೋದು ಬಹಳ ನೋಡಿದೀನಿ. ಆಮೇಲೆ ಮಾರೋಕೆ ಹೋಗೋ ದಿನ ಬೆಳಿಗ್ಗೆ ಸರ್ಕಾರದ ಕೃಷಿ ಮಾರಾಟ ವಾಹಿನಿ ವೆಬ್‌ಸೈಟಲ್ಲಿ ದಾವಣಗೆರೆ, ರಾಣೇಬೆನ್ನೂರು, ಹಾವೇರಿ ಮೂರೂ ಮಾರ್ಕೆಟ್ ರೇಟ್ ನೋಡ್ಕೊಂಡೇ ಟ್ರ್ಯಾಕ್ಟರ್ ಹತ್ತಿ. ನಾವು ಈ ಸಲ ಎರಡು ಎಕರೆಗೆ ಇಳಿಸ್ತಿದೀವಿ, ಉಳಿದ ಒಂದು ಎಕರೆಗೆ ತೊಗರಿ, ಸಾಲಲ್ಲಿ ಹೆಸರು. ಅಜ್ಜಿ ಬಿತ್ತನೆಗೆ ಹೆಸರುಕಾಳು ಆರಿಸಿ ಬೂದಿ ಹಚ್ಚಿ ಮಡಕೆಯಲ್ಲಿ ಇಟ್ಟಾಗಿದೆ.